ಬಿಳಿ ಕೀಗಳ ಏಳು ಮೋಡ್‌ಗಳು

ಕೀಬೋರ್ಡಿನ ಸಿ ಕೀಯಿಂದ ಮೇಲಿನ ಸಿ ಕೀಯವರೆಗೆ ಬಿಳಿ ಕೀಗಳನ್ನಷ್ಟೇ ಒಂದಾದ ಮೇಲೊಂದು ನುಡಿಸಿದರೆ ಮೇಜರ್ ಸ್ಕೇಲ್ ಕೇಳಿಸುತ್ತದೆ. ಅವೇ ಕೀಗಳನ್ನು ‘ಡಿ’ಯಿಂದ ‘ಡಿ’ವರೆಗೆ ನುಡಿಸಿದರೆ ಬೇರೆಯೇ ಒಂದು ಸ್ಕೇಲ್, ‘ಇ’ಯಿಂದ ‘ಇ’ವರೆಗೆ ಹೋದರೆ ಇನ್ನೊಂದು. ಏಳು ಬಿಳಿ ಕೀಗಳಲ್ಲಿ ಯಾವುದನ್ನು ಷಡ್ಜವೆಂದು ಹಿಡಿದರೂ ಅದರದೇ ಆದ ಸ್ವರಶ್ರೇಣಿ ಹುಟ್ಟುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಇವಕ್ಕೆ ಮೋಡ್‌ಗಳೆಂದು ಹೆಸರು. ‘ಸಿ’ಯಿಂದ ಹೊರಟದ್ದು ಅಯೋನಿಯನ್, ‘ಡಿ’ಯಿಂದ ಡೋರಿಯನ್, ‘ಇ’ಯಿಂದ ಫ್ರಿಜಿಯನ್, ‘ಎಫ್’ನಿಂದ ಲಿಡಿಯನ್, ‘ಜಿ’ಯಿಂದ ಮಿಕ್ಸೊಲಿಡಿಯನ್, ‘ಎ’ಯಿಂದ ಇಯೋಲಿಯನ್, ‘ಬಿ’ಯಿಂದ ಲೋಕ್ರಿಯನ್.

ಕೀಗಳು ಅವೇ ಆಗಿದ್ದರೂ ಛಾಯೆ ಬದಲಾಗುವುದಕ್ಕೆ ಕಾರಣ ಕೀಬೋರ್ಡಿನ ಜೋಡಣೆಯಲ್ಲೇ ಇದೆ. ಒಂದು ಸಪ್ತಕದಲ್ಲಿ ಏಳು ಬಿಳಿ, ಐದು ಕಪ್ಪು, ಒಟ್ಟು 12 ಕೀಗಳು. ಬಣ್ಣ ನೋಡದೆ ಒಂದು ಕೀಯಿಂದ ಅದರ ಪಕ್ಕದ ಕೀಗೆ ಇರುವ ಅಂತರ ಒಂದು ಸೆಮಿಟೋನ್. ಎರಡು ಬಿಳಿ ಕೀಗಳ ನಡುವೆ ಸಾಮಾನ್ಯವಾಗಿ ಒಂದು ಕಪ್ಪು ಕೀ ಇರುವುದರಿಂದ ಅವುಗಳ ಅಂತರ ಎರಡು ಸೆಮಿಟೋನ್. ಇ-ಎಫ್ ಮತ್ತು ಬಿ-ಸಿ ಜೋಡಿಗಳ ನಡುವೆ ಮಾತ್ರ ಕಪ್ಪು ಕೀ ಇಲ್ಲ, ಅಲ್ಲಿ ಅಂತರ ಒಂದೇ. ಹಾಗಾಗಿ ‘ಸಿ’ಯಿಂದ ಹೊರಟರೆ ಅಂತರಗಳ ಸಾಲು 2-2-1-2-2-2-1 ಎಂದಾಗುತ್ತದೆ, ‘ಡಿ’ಯಿಂದ ಹೊರಟರೆ 2-1-2-2-2-1-2. ಈ ಎರಡನೆಯದನ್ನು ಹಿಂದಿನಿಂದ ಓದಿದರೂ ಅದೇ ಸಾಲು. ಏಳು ಮೋಡ್‌ಗಳಲ್ಲಿ ಈ ಗುಣ ಡೋರಿಯನ್‌ಗೆ ಮಾತ್ರ ಉಂಟು. ಎರಡು ಕಪ್ಪು ಕೀಗಳ ನಡುವೆ ಕೂತ ‘ಡಿ’ಯ ಎಡಕ್ಕೂ ಬಲಕ್ಕೂ ಕೀಗಳು ಒಂದೇ ಕ್ರಮದಲ್ಲಿ ಇರುವುದನ್ನು ಕಣ್ಣಿನಿಂದಲೇ ನೋಡಬಹುದು. ಮೋಡ್ ಬದಲಾದಾಗ ಬದಲಾಗುವುದು ಇಷ್ಟೇ: ಆ ಎರಡು ಚಿಕ್ಕ ಅಂತರಗಳು ಷಡ್ಜದಿಂದ ಎಷ್ಟನೆಯ ಜಾಗದಲ್ಲಿ ಬರುತ್ತವೆ ಎಂಬುದು.

ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸ ವಿಷಯವೇನಲ್ಲ. ಅವರು ಇದನ್ನು ಗ್ರಹಭೇದ ಎನ್ನುತ್ತಾರೆ. 29ನೇ ಮೇಳವಾದ ಧೀರಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಗಾಂಧಾರವನ್ನು ಮಾಡಿಕೊಂಡರೆ ಹನುಮತೋಡಿ, ಮಧ್ಯಮದಿಂದ ಮೇಚಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಬಿಳಿ ಕೀಗಳ ಮೇಲೆ ಇವೇ ಕ್ರಮವಾಗಿ ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್, ಇಯೋಲಿಯನ್. ನಿಷಾದದಿಂದ ಹೊರಟ ಏಳನೆಯ ಸಾಲಿಗೆ ಮಾತ್ರ ಪಂಚಮವೇ ಸಿಗುವುದಿಲ್ಲ. 72 ಮೇಳಕರ್ತಗಳಲ್ಲಿ ಪಂಚಮವಿಲ್ಲದ ಮೇಳ ಒಂದೂ ಇಲ್ಲವಾದ್ದರಿಂದ ಲೋಕ್ರಿಯನ್‌ಗೆ ಅಲ್ಲಿ ಜಾಗವಿಲ್ಲ. ಹಿಂದೂಸ್ತಾನಿಯ ಹತ್ತು ಥಾಟ್‌ಗಳಲ್ಲಿ ಬಿಲಾವಲ್, ಕಾಫಿ, ಭೈರವಿ, ಕಲ್ಯಾಣ್, ಖಮಾಜ್, ಆಸಾವರಿ ಎಂಬ ಆರು ಇದೇ ಸಾಲಿಗೆ ಸೇರುತ್ತವೆ. ಇನ್ನೂ ಹಿಂದಕ್ಕೆ ಹೋದರೆ ಭರತನ ನಾಟ್ಯಶಾಸ್ತ್ರದಲ್ಲಿ ಬರುವ ಮೂರ್ಛನೆಗಳೂ ಒಂದೇ ಗ್ರಾಮದ, ಅಂದರೆ ಮೂಲ ಸ್ವರಶ್ರೇಣಿಯ, ಸ್ವರಗಳನ್ನು ಬೇರೆ ಬೇರೆ ಸ್ವರದಿಂದ ಆರಂಭಿಸಿದ ಸಾಲುಗಳೇ.

ಮೋಡ್‌ಗಳ ಹೆಸರುಗಳು ಪ್ರಾಚೀನ ಗ್ರೀಕರ ಮತ್ತು ಅವರ ನೆರೆಹೊರೆಯ ಜನಾಂಗಗಳ, ಪ್ರದೇಶಗಳ ಹೆಸರುಗಳು. ಆದರೆ ಪ್ರಾಚೀನ ಗ್ರೀಕರ ಡೋರಿಯನ್ ಇಂದಿನ ಡೋರಿಯನ್ ಅಲ್ಲ. ಅದು ಇಂದಿನ ‘ಇ’ಯಿಂದ ‘ಇ’ವರೆಗಿನ ಸಾಲಿಗೆ ಹತ್ತಿರ. ಮಧ್ಯಯುಗದ ಯುರೋಪಿನ ಶಾಸ್ತ್ರಕಾರರು ಗ್ರೀಕ್ ಹೆಸರುಗಳನ್ನು ಎತ್ತಿಕೊಂಡು ತಮ್ಮ ಚರ್ಚ್ ಗಾಯನದ ಮೋಡ್‌ಗಳಿಗೆ ಅಂಟಿಸುವಾಗ ಈ ಅದಲುಬದಲು ಆಯಿತು. ಪ್ಲೇಟೊ ‘ರಿಪಬ್ಲಿಕ್’ನಲ್ಲಿ ಡೋರಿಯನ್ನನ್ನು ಯೋಧರಿಗೆ ತಕ್ಕದ್ದೆಂದು ಹೊಗಳಿದ್ದನ್ನು ಇಂದಿನ ಡೋರಿಯನ್‌ನ ಗುಣವೆಂದು ಹೇಳುವ ಪುಸ್ತಕಗಳಿವೆ. ಅವನ್ನು ನಂಬಬೇಕಿಲ್ಲ. ಚರ್ಚ್ ಪದ್ಧತಿಯಲ್ಲಿ ಇದ್ದದ್ದು ಎಂಟು ಮೋಡ್‌ಗಳು. ಡಿ, ಇ, ಎಫ್, ಜಿ ಎಂಬ ನಾಲ್ಕು ನ್ಯಾಸ ಸ್ವರಗಳಿಗೆ ಎರಡೆರಡು. ಸ್ವಿಟ್ಜರ್ಲೆಂಡಿನ ವಿದ್ವಾಂಸ ಗ್ಲಾರಿಯಾನಸ್ 1547ರಲ್ಲಿ ಪ್ರಕಟಿಸಿದ ‘ಡೊಡೆಕಕಾರ್ಡನ್’ ಗ್ರಂಥದಲ್ಲಿ ‘ಎ’ ಮತ್ತು ‘ಸಿ’ಗಳನ್ನೂ ಸೇರಿಸಿ ಸಂಖ್ಯೆಯನ್ನು 12ಕ್ಕೆ ಏರಿಸಿದ. ಇಂದು ಎಲ್ಲ ಪಾಠಗಳೂ ಮೊದಲಿಗೆ ಹೇಳಿಕೊಡುವ ಅಯೋನಿಯನ್, ಅಂದರೆ ನಮ್ಮ ಮೇಜರ್ ಸ್ಕೇಲ್, ಶಾಸ್ತ್ರದ ಪಟ್ಟಿಗೆ ಸೇರಿದ್ದು ಹೀಗೆ ತಡವಾಗಿ. ‘ಬಿ’ಯಿಂದ ಹೊರಡುವ ಸಾಲನ್ನು ಗ್ಲಾರಿಯಾನಸ್ ಕೂಡ ಕೈಬಿಟ್ಟ, ಕಾರಣ ಅದೇ ಪಂಚಮದ ಕೊರತೆ.

ಕಲಿಕೆಯ ತೊಡಕು ಶುರುವಾಗುವುದು ಇಲ್ಲಿಂದ. ಬಿಳಿ ಕೀಗಳ ಉಪಾಯ ಎಷ್ಟು ಸುಲಭವೆಂದರೆ ಅರ್ಧ ಗಂಟೆಯಲ್ಲಿ ಏಳೂ ಮೋಡ್‌ಗಳು ‘ಬಂದುಬಿಟ್ಟವು’ ಎನಿಸುತ್ತದೆ. ಬೆರಳಿಗೆ ಬಂದಿರುತ್ತವೆ, ಕಿವಿಗೆ ಬಂದಿರುವುದಿಲ್ಲ. ‘ಡಿ’ಯಿಂದ ಹೊರಟು ಮೇಲಿನ ‘ಡಿ’ಗೆ ತಲುಪಿದ ವಿದ್ಯಾರ್ಥಿಯ ಕಿವಿ ಅದನ್ನು ಡೋರಿಯನ್ ಎಂದು ಕೇಳಿಸಿಕೊಳ್ಳದೆ, ಎರಡನೆಯ ಸ್ವರದಿಂದ ಶುರುಮಾಡಿದ ಮೇಜರ್ ಸ್ಕೇಲ್ ಎಂದೇ ಕೇಳಿಸಿಕೊಳ್ಳುತ್ತದೆ, ಮನಸ್ಸು ಮೂಲೆಯಲ್ಲೆಲ್ಲೋ ‘ಸಿ’ಯನ್ನೇ ಮನೆಯಾಗಿ ಹಿಡಿದಿರುತ್ತದೆ. ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಸಾಲನ್ನು ನುಡಿಸಿ ಮುಗಿಸಿ, ಕೈ ತೆಗೆದು, ಈಗ ಸಹಜವಾಗಿ ನಿಲ್ಲಬೇಕೆನಿಸುವ ಸ್ವರವನ್ನು ಬಾಯಲ್ಲಿ ಗುನುಗಬೇಕು. ಗುನುಗಿದ್ದು ‘ಸಿ’ ಆಗಿದ್ದರೆ ಡೋರಿಯನ್ ಇನ್ನೂ ಹುಟ್ಟಿಲ್ಲ.

ಮದ್ದು ಶ್ರುತಿ. ಮೋಡ್ ಕಲಿಯುವಾಗ ಎಡಗೈ ಆಧಾರ ಸ್ವರವನ್ನೂ ಅದರ ಪಂಚಮವನ್ನೂ ಬಿಡದೆ ಒತ್ತಿ ಹಿಡಿದಿರಬೇಕು. ಡೋರಿಯನ್‌ಗಾದರೆ ಕೆಳಗಿನ ‘ಡಿ’ ಮತ್ತು ‘ಎ’. ಕೀಬೋರ್ಡಿನಲ್ಲಿ ಪಿಯಾನೊ ಧ್ವನಿ ಬೇಗ ಅಡಗುವುದರಿಂದ ಆರ್ಗನ್ ಅಥವಾ ಸ್ಟ್ರಿಂಗ್ಸ್ ಧ್ವನಿಯನ್ನು ಆರಿಸಿಕೊಳ್ಳುವುದು ಮೇಲು. ಫೋನಿನ ತಂಬೂರಿ ಆ್ಯಪ್ ಇದ್ದರೆ ಎಡಗೈಗೆ ಬಿಡುವು ಸಿಗುತ್ತದೆ. ಶ್ರುತಿ ನಿಂತ ಮೇಲೆ ಬಲಗೈ ಸಾಲನ್ನು ನೇರವಾಗಿ ಏರಿಳಿಸದೆ ಎರಡು ಮೂರು ಸ್ವರಗಳ ಚಿಕ್ಕ ಪದಗುಚ್ಛಗಳನ್ನು ಮಾಡಿ ಮತ್ತೆ ಮತ್ತೆ ಆಧಾರಕ್ಕೆ ಮರಳಬೇಕು. ಸರಳೆವರಸೆ ಹಾಡಿ ಬೆಳೆದವರು ಶ್ರುತಿಯಿಲ್ಲದೆ ಅಭ್ಯಾಸಕ್ಕೆ ಕೂರುವುದೇ ಇಲ್ಲ, ಆದ್ದರಿಂದ ಅವರು ಈ ಹಳ್ಳಕ್ಕೆ ಬೀಳುವುದು ಕಡಿಮೆ. ಕೀಬೋರ್ಡಿನ ಸ್ವಯಂಚಾಲಿತ ತಾಳವಾದ್ಯದ ಸ್ಟೈಲ್‌ಗಳನ್ನು ಹಾಕಿಕೊಂಡು ಕಲಿಯುವವರು ಮಾತ್ರ ಖಂಡಿತ ಬೀಳುತ್ತಾರೆ, ಏಕೆಂದರೆ ಅದರ ಸಿದ್ಧ ಕಾರ್ಡ್‌ಗಳ ಓಟ ಹೆಚ್ಚಾಗಿ ಮೇಜರ್ ಇಲ್ಲವೇ ಮೈನರ್ ಕಡೆಗೇ ಎಳೆಯುತ್ತದೆ.

ಕಾರ್ಡ್ ಬಳಸಲೇಬೇಕೆಂದರೆ ಪ್ರತಿ ಮೋಡ್‌ಗೂ ಅದರ ಗುರುತಿನ ಸ್ವರವನ್ನು ಎತ್ತಿ ತೋರಿಸುವ ಎರಡೇ ಕಾರ್ಡ್‌ಗಳು ಸಾಕು. ಡೋರಿಯನ್‌ನ ಗುರುತು ಅದರ ಆರನೆಯ ಸ್ವರ, ಚತುಶ್ರುತಿ ಧೈವತ, ಅಂದರೆ ಇಲ್ಲಿ ‘ಬಿ’. ಡಿ ಮೈನರ್‌ನಿಂದ ಜಿ ಮೇಜರ್‌ಗೆ ಹೋಗಿ ಬರುತ್ತಿದ್ದರೆ ಜಿ ಕಾರ್ಡಿನೊಳಗೆ ಆ ‘ಬಿ’ ಪ್ರತಿ ಸಲ ಕೇಳುತ್ತದೆ. ಮಿಕ್ಸೊಲಿಡಿಯನ್‌ಗೆ ಜಿ ಮೇಜರ್, ಎಫ್ ಮೇಜರ್. ಇಳಿದ ನಿಷಾದ ‘ಎಫ್’ ಆಗಿ ಕೇಳುತ್ತದೆ. ಬೀಟಲ್ಸ್‌ನ 1965ರ ‘ನಾರ್ವೇಜಿಯನ್ ವುಡ್’ ಹಾಡಿನ ಪಲ್ಲವಿಯಲ್ಲಿ ಇರುವುದು ಇದೇ ಛಾಯೆ. ಲಿಡಿಯನ್‌ಗೆ ಎಡಗೈಯಲ್ಲಿ ‘ಎಫ್’ ಹಿಡಿದು ಅದರ ಮೇಲೆ ಎಫ್ ಮೇಜರ್, ಜಿ ಮೇಜರ್. ಪ್ರತಿಮಧ್ಯಮವಾದ ‘ಬಿ’ ಎದ್ದು ನಿಲ್ಲುತ್ತದೆ. ಬೀಥೋವನ್ ಕಾಯಿಲೆಯಿಂದ ಎದ್ದ ಮೇಲೆ 1825ರಲ್ಲಿ ಬರೆದ 132ನೇ ಕೃತಿಸಂಖ್ಯೆಯ ತಂತಿವಾದ್ಯ ಚತುಷ್ಕದ ಮೂರನೆಯ ಭಾಗವನ್ನು ಲಿಡಿಯನ್ ಮೋಡ್‌ನಲ್ಲಿ ಇರುವುದೆಂದು ಶೀರ್ಷಿಕೆಯಲ್ಲೇ ಹೇಳಿದ್ದಾನೆ. ಫ್ರಿಜಿಯನ್‌ಗೆ ಇ ಮೈನರ್, ಎಫ್ ಮೇಜರ್. ಷಡ್ಜಕ್ಕೆ ಅಂಟಿಕೊಂಡೇ ಕೂತ ಶುದ್ಧ ರಿಷಭ ಇಲ್ಲಿನ ಗುರುತು. ಇಯೋಲಿಯನ್ ಮಾಮೂಲಿ ಮೈನರ್ ಸ್ಕೇಲೇ ಆದ್ದರಿಂದ ಅದಕ್ಕೆ ಬೇರೆ ಉಪಚಾರ ಬೇಕಿಲ್ಲ.

ಡೋರಿಯನ್ ಅಭ್ಯಾಸಕ್ಕೆ ಜಾಸ್ ಸಂಗೀತಗಾರ ಮೈಲ್ಸ್ ಡೇವಿಸ್‌ನ 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮೊದಲ ರಚನೆ ‘ಸೋ ವಾಟ್’ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅದರ 32 ಬಾರ್‌ಗಳ ಆವರ್ತದಲ್ಲಿ ಮೊದಲ 16 ಬಾರ್ ಡಿ ಡೋರಿಯನ್, ಮುಂದಿನ ಎಂಟು ಇ ಫ್ಲಾಟ್ ಡೋರಿಯನ್, ಕೊನೆಯ ಎಂಟು ಮತ್ತೆ ಡಿ ಡೋರಿಯನ್. ಕೀಬೋರ್ಡಿನಲ್ಲಿ 24 ಬಾರ್ ಬರೀ ಬಿಳಿ ಕೀಗಳು. ನಡುವಿನ ಎಂಟು ಬಾರ್‌ಗಳಲ್ಲಿ ಎಲ್ಲವೂ ಒಂದೇ ಸೆಮಿಟೋನ್ ಮೇಲಕ್ಕೆ ಸರಿಯುತ್ತದೆ, ಐದೂ ಕಪ್ಪು ಕೀಗಳು ಬಳಕೆಗೆ ಬರುತ್ತವೆ, ಬಿಳಿಯಲ್ಲಿ ಉಳಿಯುವುದು ‘ಎಫ್’ ಮತ್ತು ‘ಸಿ’ ಮಾತ್ರ. ಬಿಳಿ ಕೀಗಳ ಡೋರಿಯನ್ನಷ್ಟೇ ಬಲ್ಲವನ ಕೈ ಅಲ್ಲಿ ತಟ್ಟನೆ ನಿಂತುಹೋಗುತ್ತದೆ.

ಅದಕ್ಕಾಗಿಯೇ ಎರಡನೆಯ ವಿಧಾನ ಬೇಕಾಗುವುದು, ಮತ್ತು ನಿಜವಾದ ಕಲಿಕೆ ಅದರಲ್ಲೇ ಇರುವುದು. ಷಡ್ಜವನ್ನು ಕದಲಿಸದೆ ಒಂದೇ ಕೀಯಲ್ಲಿ ಇಟ್ಟುಕೊಂಡು ಸ್ವರಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು. ‘ಸಿ’ಯನ್ನೇ ಆಧಾರವಾಗಿ ಹಿಡಿದು ಲಿಡಿಯನ್‌ನಿಂದ ಶುರುಮಾಡಬೇಕು: ಎಲ್ಲ ಬಿಳಿ ಕೀಗಳು, ಮಧ್ಯಮಕ್ಕೆ ಮಾತ್ರ ಎಫ್ ಶಾರ್ಪ್. ಇದು ಕಲ್ಯಾಣಿ. ಆ ಪ್ರತಿಮಧ್ಯಮವನ್ನು ಶುದ್ಧ ಮಧ್ಯಮಕ್ಕೆ ಇಳಿಸಿದರೆ ಅಯೋನಿಯನ್, ಶಂಕರಾಭರಣ. ನಿಷಾದವನ್ನು ‘ಬಿ’ಯಿಂದ ಬಿ ಫ್ಲಾಟ್‌ಗೆ ಇಳಿಸಿದರೆ ಮಿಕ್ಸೊಲಿಡಿಯನ್, ಹರಿಕಾಂಭೋಜಿ. ಅದರ ಮೇಲೆ ಗಾಂಧಾರವನ್ನು ಇ ಫ್ಲಾಟ್‌ಗೆ ಇಳಿಸಿದರೆ ಡೋರಿಯನ್, ಖರಹರಪ್ರಿಯ. ಧೈವತವನ್ನು ಎ ಫ್ಲಾಟ್‌ಗೆ ಇಳಿಸಿದರೆ ಇಯೋಲಿಯನ್, ನಠಭೈರವಿ. ರಿಷಭವನ್ನು ಡಿ ಫ್ಲಾಟ್‌ಗೆ ಇಳಿಸಿದರೆ ಫ್ರಿಜಿಯನ್, ತೋಡಿ. ಕೊನೆಗೆ ಪಂಚಮವನ್ನೇ ಜಿ ಫ್ಲಾಟ್‌ಗೆ ಇಳಿಸಿದರೆ ಲೋಕ್ರಿಯನ್. ಪ್ರತಿ ಹೆಜ್ಜೆಗೂ ಒಂದೇ ಸ್ವರ, ಒಂದೇ ಸೆಮಿಟೋನ್. ಶ್ರುತಿ ಹಿಡಿದು ಈ ಸಾಲನ್ನು ನಿಧಾನವಾಗಿ ಇಳಿದರೆ ಬೆಳಕು ಹಂತಹಂತವಾಗಿ ಮಬ್ಬಾದಂತೆ ಕೇಳುತ್ತದೆ; ಯಾವ ಸ್ವರ ಯಾವ ಬಣ್ಣ ತಂದಿತು ಎಂಬುದು ಕಿವಿಗೆ ಬಿಡಿಬಿಡಿಯಾಗಿ ತಿಳಿಯುತ್ತದೆ. ಬಿಳಿ ಕೀಗಳ ವಿಧಾನದಲ್ಲಿ ಈ ಹೋಲಿಕೆ ಸಾಧ್ಯವಿಲ್ಲ, ಅಲ್ಲಿ ಪ್ರತಿ ಸಲವೂ ಷಡ್ಜ, ಸ್ವರಗಳು ಎಲ್ಲವೂ ಒಟ್ಟಿಗೆ ಜಾಗ ಬದಲಿಸಿರುತ್ತವೆ.

ಇಳಿಯುವ ಕ್ರಮವೂ ಅಡ್ಡಾದಿಡ್ಡಿಯಲ್ಲ. ಮ, ನಿ, ಗ, ಧ, ರಿ, ಪ: ಮಧ್ಯಮದಿಂದ ಮುಂದಕ್ಕೆ ನಾಲ್ಕನೆಯ ಸ್ವರ ನಿಷಾದ, ಅಲ್ಲಿಂದ ನಾಲ್ಕನೆಯದು ಗಾಂಧಾರ, ಹೀಗೇ ಸಾಗುತ್ತದೆ. ಇದನ್ನು ಬಾಯಿಪಾಠ ಮಾಡಿಕೊಂಡರೆ ಯಾವ ಕೀಯಿಂದ ಬೇಕಾದರೂ ಯಾವ ಮೋಡ್ ಬೇಕಾದರೂ ಕಟ್ಟಬಹುದು. ಮೊದಲು ಆ ಕೀಯ ಮೇಜರ್ ಸ್ಕೇಲ್ ಗೊತ್ತಿರಬೇಕು ಅಷ್ಟೇ. ಎ ಡೋರಿಯನ್ ಬೇಕೆಂದರೆ, ಎ ಮೇಜರ್‌ನಿಂದ ನಿಷಾದ, ಗಾಂಧಾರ ಎರಡನ್ನು ಇಳಿಸಬೇಕು. ಜಿ ಶಾರ್ಪ್ ‘ಜಿ’ ಆಗುತ್ತದೆ, ಸಿ ಶಾರ್ಪ್ ‘ಸಿ’ ಆಗುತ್ತದೆ, ಕಪ್ಪು ಕೀಯಲ್ಲಿ ಎಫ್ ಶಾರ್ಪ್ ಒಂದೇ ಉಳಿಯುತ್ತದೆ.

ಬೆರಳುಗಳ ವಿಷಯದಲ್ಲಿ ಬಿಳಿ ಕೀಗಳ ಏಳೂ ಮೋಡ್‌ಗಳಿಗೆ ಬಲಗೈಗೆ 1-2-3-1-2-3-4-5, ಎಡಗೈಗೆ 5-4-3-2-1-3-2-1 ಎಂಬ ಸಿ ಮೇಜರ್ ಕ್ರಮವೇ ಸಾಕಾಗುತ್ತದೆ. ಎಫ್ ಮೇಜರ್‌ನಲ್ಲಿ ನಾಲ್ಕನೆಯ ಸ್ವರ ಕಪ್ಪು ಕೀಯಾದ್ದರಿಂದ ಬಲಗೈ ಹೆಬ್ಬೆರಳನ್ನು ಅಲ್ಲಿಗೆ ತರಲಾಗದೆ 1-2-3-4-1 ಎಂದು ಹೋಗಬೇಕಾಗುತ್ತದೆ. ಎಫ್ ಲಿಡಿಯನ್‌ನಲ್ಲಿ ಆ ಸ್ವರ ಬಿಳಿಯೇ ಆಗಿರುವುದರಿಂದ ಆ ತೊಂದರೆ ಇಲ್ಲ. ಉಳಿದಂತೆ ಹೆಬ್ಬೆರಳು ಕಪ್ಪು ಕೀಯ ಮೇಲೆ ಬೀಳದಂತೆ ನೋಡಿಕೊಂಡರೆ ಹೆಚ್ಚಿನ ತೊಡಕು ಬರುವುದಿಲ್ಲ. ಅಂದಹಾಗೆ ಟ್ರಾನ್ಸ್‌ಪೋಸ್ ಬಟನ್ ಮೋಡ್ ಕಲಿಯುವವರ ಶತ್ರು. ಬಿಳಿ ಎರಡರ, ಅಂದರೆ ‘ಡಿ’ಯ, ಶ್ರುತಿಗೆ ಹಾಡುವವರೊಂದಿಗೆ ನುಡಿಸಬೇಕಾದಾಗ ಅದನ್ನು ಎರಡಕ್ಕೆ ಏರಿಸಿ ‘ಸಿ’ಯಿಂದಲೇ ನುಡಿಸುವುದು ವೇದಿಕೆಯ ಅನುಕೂಲ, ತಪ್ಪೇನಲ್ಲ. ಅಭ್ಯಾಸದಲ್ಲೂ ಹಾಗೇ ಮಾಡಿದರೆ ಕಣ್ಣು ಕಾಣುವ ಕೀಗೂ ಕಿವಿ ಕೇಳುವ ಸ್ವರಕ್ಕೂ ಸಂಬಂಧ ತಪ್ಪಿಹೋಗುತ್ತದೆ, 12 ಕೀಗಳಿಂದಲೂ ಮೋಡ್ ಕಟ್ಟುವ ಕೈ ಎಂದಿಗೂ ತಯಾರಾಗುವುದಿಲ್ಲ.

ಪುಸ್ತಕದ ನೆರವು ಬೇಕೆನ್ನುವವರಿಗೆ ಹಂಗರಿಯ ಬೇಲಾ ಬಾರ್ಟೊಕ್ ಪಿಯಾನೊ ಕಲಿಯುವವರಿಗೆಂದು ಬರೆದ ‘ಮೈಕ್ರೊಕಾಸ್ಮಾಸ್’ ಇದೆ. ಆರು ಸಂಪುಟ, 153 ಚಿಕ್ಕ ರಚನೆಗಳು. ಮೊದಲೆರಡು ಸಂಪುಟಗಳಲ್ಲಿ ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್ ಹೆಸರನ್ನೇ ಹೊತ್ತ ಪುಟ್ಟ ರಚನೆಗಳಿವೆ. ಹೊಸದಾಗಿ ಕಲಿಯುವವರಿಗೂ ಕೈಗೆಟುಕುವಂಥವು.

ಮೋಡ್‌ಗೂ ರಾಗಕ್ಕೂ ಇಲ್ಲಿ ಮಾಡಿದ ಹೋಲಿಕೆ ಸ್ವರಸ್ಥಾನಗಳ ಮಟ್ಟಿಗೆ ಮಾತ್ರ. ‘ಇ’ಯಿಂದ ಬಿಳಿ ಕೀಗಳನ್ನು ನುಡಿಸಿದರೆ ತೋಡಿಯ ಸ್ವರಸ್ಥಾನಗಳು ಸಿಗುತ್ತವೆ, ತೋಡಿ ಸಿಗುವುದಿಲ್ಲ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ. ಅದು ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತಲೇ ಇರುತ್ತದೆ. ಕೀ ಒತ್ತಿದರೆ ಬರುವುದು ಒಂದೇ ನಿಂತ ಸ್ವರ. ಅದೂ ಸಮಪಾಲಿನ ಶ್ರುತಿಗೆ ಕೂರಿಸಿದ್ದು: ಕೀಬೋರ್ಡಿನ ಅಂತರ ಗಾಂಧಾರ ತಂಬೂರಿಯಲ್ಲಿ ಮೊಳಗುವ ಸ್ವಯಂಭೂ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು, ಅಂದರೆ ಒಂದು ಸೆಮಿಟೋನಿನ ಏಳನೇ ಒಂದು ಭಾಗದಷ್ಟು ಏರಿರುತ್ತದೆ. ಈ ದೋಷಗಳನ್ನೇ ಮುಂದಿಟ್ಟು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ನಿಷೇಧ ಸಡಿಲವಾಗಲು ಮೂರು ದಶಕ ಬೇಕಾಯಿತು. ಎಲೆಕ್ಟ್ರಾನಿಕ್ ಕೀಬೋರ್ಡಿನ ಪಿಚ್ ಬೆಂಡ್ ಚಕ್ರದಿಂದ ಗಮಕದ ಒಂದಷ್ಟು ಭಾಗವನ್ನು ತರಬಹುದು, ತರುವ ಕಲಾವಿದರೂ ಇದ್ದಾರೆ. ಆದರೆ ಅದು ಬೇರೆಯೇ ಸಾಧನೆ, ಮೋಡ್ ಕಲಿತ ಮಾತ್ರಕ್ಕೆ ಬರುವುದಲ್ಲ.

ಬಿಳಿ ಕೀಗಳ ಏಳು ಸಾಲುಗಳಿಗೆ ಮೋಡ್‌ಗಳ ಕಥೆ ಮುಗಿಯುವುದೂ ಇಲ್ಲ. ಯಾವ ಸ್ಕೇಲನ್ನಾದರೂ ಹೀಗೆ ತಿರುಗಿಸಬಹುದು. ಜಾಸ್‌ನಲ್ಲಿ ಬಹಳ ಬಳಕೆಯ ಮೆಲೊಡಿಕ್ ಮೈನರ್ ನಮ್ಮ ಗೌರಿಮನೋಹರಿ. ಅದರ ರಿಷಭದಿಂದ ಹೊರಟರೆ ನಾಟಕಪ್ರಿಯ, ಮಧ್ಯಮದಿಂದ ವಾಚಸ್ಪತಿ, ಪಂಚಮದಿಂದ ಚಾರುಕೇಶಿ. ಮೊದಲ ಪಾಠಕ್ಕೆ ಪುರಂದರದಾಸರು ಗೊತ್ತುಮಾಡಿದರೆನ್ನುವ ಮಾಯಾಮಾಳವಗೌಳ ಅಷ್ಟು ಉದಾರಿಯಲ್ಲ. ‘ಸಿ’ಯಿಂದ ಅದರ ಕೀಗಳು ಸಿ, ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ. ಇವೇ ಕೀಗಳನ್ನು ಡಿ ಫ್ಲಾಟ್‌ನಿಂದ ನುಡಿಸಿದರೆ ರಸಿಕಪ್ರಿಯ, ‘ಎಫ್’ನಿಂದ ನುಡಿಸಿದರೆ ಸಿಂಹೇಂದ್ರಮಧ್ಯಮ. ಉಳಿದ ನಾಲ್ಕು ಸ್ವರಗಳಿಂದ ಹೊರಟರೆ ಮಧ್ಯಮವೋ ಪಂಚಮವೋ ತಪ್ಪಿ ಯಾವ ಮೇಳವೂ ಕೂಡಿಬರುವುದಿಲ್ಲ.

ಐದು ಕಪ್ಪು ಕೀಗಳು ಇನ್ನೂ ಸೊಗಸು. ಎಫ್ ಶಾರ್ಪನ್ನು ಷಡ್ಜ ಮಾಡಿಕೊಂಡು ಬರೀ ಕಪ್ಪು ಕೀಗಳನ್ನು ನುಡಿಸಿದರೆ ಮೋಹನ. ಜಿ ಶಾರ್ಪ್‌ನಿಂದ ಮಧ್ಯಮಾವತಿ. ದಕ್ಷಿಣದಲ್ಲಿ ಆ ರಾಗದಲ್ಲಿ ಹಾಡುವ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಒಂದೂ ಬಿಳಿ ಕೀ ಮುಟ್ಟದೆ ನುಡಿಸಬಹುದು. ಸಿ ಶಾರ್ಪ್‌ನಿಂದ ಶುದ್ಧ ಸಾವೇರಿ, ಡಿ ಶಾರ್ಪ್‌ನಿಂದ ಶುದ್ಧ ಧನ್ಯಾಸಿ, ಎ ಶಾರ್ಪ್‌ನಿಂದ ಹಿಂದೋಳ. ಈ ಕೊನೆಯದರಲ್ಲಿ ಪಂಚಮವಿಲ್ಲ. ಆದ್ದರಿಂದ ಅದನ್ನು ಅಭ್ಯಾಸ ಮಾಡುವಾಗ ಎಡಗೈ ಷಡ್ಜದ ಜೊತೆಗೆ ಮಧ್ಯಮವನ್ನು, ಅಂದರೆ ಎ ಶಾರ್ಪ್ ಜೊತೆಗೆ ಡಿ ಶಾರ್ಪನ್ನು ಹಿಡಿಯಬೇಕು.